ಹೆಡ್‌ಸೆಟ್ ತೊಟ್ಟರೆ ಪರರ ನೋವು ತಿಳಿಯುತ್ತದೆಯೇ?

ಜೋರ್ಡಾನ್‌ನ ಜಾತರಿ ನಿರಾಶ್ರಿತರ ಶಿಬಿರದಲ್ಲಿದ್ದ 12 ವರ್ಷದ ಸಿರಿಯನ್ ಬಾಲಕಿಯೊಬ್ಬಳ ದಿನಚರಿಯನ್ನು ತೋರಿಸುವ ‘ಕ್ಲೌಡ್ಸ್ ಓವರ್ ಸಿದ್ರಾ’ ಎಂಬ ವರ್ಚುವಲ್ ರಿಯಾಲಿಟಿ (ವಿಆರ್) ಚಿತ್ರವನ್ನು ವಿಶ್ವಸಂಸ್ಥೆ 2015ರ ಜನವರಿಯಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯ ಸಭೆಯಲ್ಲಿ ಪ್ರದರ್ಶಿಸಿತು. ಹತ್ತು ನಿಮಿಷವೂ ಇಲ್ಲದ ಆ ಚಿತ್ರದಲ್ಲಿ ಬಾಲಕಿ ತನ್ನ ಕೋಣೆ, ತರಗತಿ, ರೊಟ್ಟಿ ಸುಡುವ ಅಂಗಡಿ, ಹುಡುಗರ ಕುಸ್ತಿಯ ಗರಡಿ, ಹುಡುಗಿಯರು ಫುಟ್‌ಬಾಲ್ ಆಡುವ ಬಯಲು ಇವುಗಳನ್ನೆಲ್ಲ ತನ್ನದೇ ಮಾತಿನಲ್ಲಿ ಪರಿಚಯಿಸುತ್ತಾಳೆ. ನೋಡುಗ ಹೆಡ್‌ಸೆಟ್ ತೊಟ್ಟು ತಲೆ ತಿರುಗಿಸಿದ ಕಡೆಯೆಲ್ಲ ಶಿಬಿರವೇ ಇರುತ್ತದೆ. ಮಕ್ಕಳು ಸುತ್ತುಗಟ್ಟಿ ನಿಂತು ಅವನ ಮುಖವನ್ನೇ ನೋಡುತ್ತಿರುವಂತೆ ಭಾಸವಾಗುತ್ತದೆ. ಗೇಬೋ ಅರೋರಾ ಅವರೊಡನೆ ಈ ಚಿತ್ರವನ್ನು ರೂಪಿಸಿದ ಕ್ರಿಸ್ ಮಿಲ್ಕ್ ಅದೇ ವರ್ಷದ ಟೆಡ್ ಭಾಷಣದಲ್ಲಿ, ವರ್ಚುವಲ್ ರಿಯಾಲಿಟಿಯು ಸಹಾನುಭೂತಿಯನ್ನು ಹುಟ್ಟಿಸುವ ಪರಮ ಯಂತ್ರವಾಗಬಲ್ಲದು ಎಂದು ಘೋಷಿಸಿದರು. ಬೀದಿಯಲ್ಲಿ ಈ ಚಿತ್ರ ತೋರಿಸಿ ಯುನಿಸೆಫ್ ಕಾರ್ಯಕರ್ತರು ದೇಣಿಗೆ ಕೇಳಿದಾಗ ಆರು ಮಂದಿಯಲ್ಲಿ ಒಬ್ಬರು ಒಪ್ಪಿದರು, ಇದು ಮಾಮೂಲಿ ಪ್ರಮಾಣದ ಇಮ್ಮಡಿ ಎಂದು ವಿಶ್ವಸಂಸ್ಥೆ ಹೇಳಿಕೊಂಡಿತು. ಅಲ್ಲಿಂದೀಚೆಗೆ ನೆರವಿನ ಸಂಸ್ಥೆಗಳು, ಪತ್ರಿಕೆಗಳು, ಶಾಲೆಗಳು, ದೊಡ್ಡ ಕಂಪನಿಗಳ ಸಿಬ್ಬಂದಿ ತರಬೇತಿ ವಿಭಾಗಗಳು ಈ ನಂಬಿಕೆಯ ಮೇಲೆ ಸಾಕಷ್ಟು ಹಣ ಸುರಿದಿವೆ. ಆ ನಂಬಿಕೆಯಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಪರೀಕ್ಷಿಸಲು ಬೇಕಾದಷ್ಟು ಅಧ್ಯಯನಗಳು ಈಗ ನಮ್ಮ ಮುಂದಿವೆ.

ಮೊದಲು ಈ ಸಾಧನ ಮಾಡುವ ಕೆಲಸವನ್ನು ತಿಳಿಯಬೇಕು. ಹೆಡ್‌ಸೆಟ್ಟಿನೊಳಗಿನ ಮಸೂರಗಳು ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಬಿಂಬಗಳನ್ನು ಒದಗಿಸಿ ಆಳದ ಅನುಭವ ಕೊಡುತ್ತವೆ. ತಲೆ ಎತ್ತ ತಿರುಗಿತು ಎಂಬುದನ್ನು ಸಂವೇದಕಗಳು ಗ್ರಹಿಸಿ, ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಅಲ್ಪ ಸಮಯದಲ್ಲಿ ದೃಶ್ಯವನ್ನೂ ಅತ್ತಲೇ ತಿರುಗಿಸುತ್ತವೆ. ಕಣ್ಣು ಮತ್ತು ಕುತ್ತಿಗೆಯ ನಡುವಿನ ಈ ತಾಳ ತಪ್ಪದಿದ್ದರೆ ಮಿದುಳು ತಾನು ಬೇರೊಂದು ಜಾಗದಲ್ಲಿದ್ದೇನೆಂದು ಒಪ್ಪಿಕೊಳ್ಳುತ್ತದೆ. ಈ ಕ್ಷೇತ್ರದ ಹಿರಿಯ ಸಂಶೋಧಕ ಮೆಲ್ ಸ್ಲೇಟರ್ ಇಲ್ಲಿ ಎರಡು ಭ್ರಮೆಗಳನ್ನು ಗುರುತಿಸುತ್ತಾರೆ. ನಾನು ಅಲ್ಲಿದ್ದೇನೆ ಎಂಬುದು ಒಂದು, ಅಲ್ಲಿ ನಡೆಯುತ್ತಿರುವುದು ನಿಜವಾಗಿಯೂ ನಡೆಯುತ್ತಿದೆ ಎಂಬುದು ಇನ್ನೊಂದು. ಎರಡೂ ಕೂಡಿದಾಗ, ಇದು ಸುಳ್ಳೆಂದು ಬುದ್ಧಿಗೆ ಗೊತ್ತಿದ್ದರೂ ದೇಹ ನಿಜವೆಂಬಂತೆಯೇ ವರ್ತಿಸುತ್ತದೆ.

ಇದರ ಬಲವನ್ನು ಪತ್ರಕರ್ತೆ ನಾನಿ ಡೆ ಲಾ ಪೆನ್ಯಾ 2012ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿಕೊಟ್ಟರು. ಲಾಸ್ ಏಂಜಲೀಸ್‌ನಲ್ಲಿ ಬಡವರಿಗೆ ಆಹಾರ ಹಂಚುವ ಕಡೆ ಸರತಿಯಲ್ಲಿ ನಿಂತಿದ್ದ ಮಧುಮೇಹಿಯೊಬ್ಬ ಕುಸಿದು ಬಿದ್ದ ಘಟನೆಯನ್ನು, ಸ್ಥಳದಲ್ಲಿ ದಾಖಲಾಗಿದ್ದ ನಿಜವಾದ ಧ್ವನಿಯ ಜೊತೆಗೆ ಅವರು ಕಂಪ್ಯೂಟರ್ ಚಿತ್ರಗಳಲ್ಲಿ ಮರುಸೃಷ್ಟಿಸಿದ್ದರು. ಆ ಕಾಲದ ಗ್ರಾಫಿಕ್ಸ್ ತೀರಾ ಒರಟು, ಮನುಷ್ಯಾಕೃತಿಗಳು ಗೊಂಬೆಗಳಂತಿದ್ದವು. ಹಾಗಿದ್ದರೂ ಖಾಲಿ ಕೋಣೆಯಲ್ಲಿ ಹೆಡ್‌ಸೆಟ್ ತೊಟ್ಟು ನಡೆದಾಡುತ್ತಿದ್ದವರು ಕೆಳಗೆ ಬಿದ್ದ ಆ ದೇಹವನ್ನು ತುಳಿಯದಂತೆ ಸುತ್ತಿಕೊಂಡು ಹೋದರು. ಕೆಲವರು ಪಕ್ಕದಲ್ಲಿ ಮಂಡಿಯೂರಿ ಕುಳಿತರು, ಕೆಲವರು ಅಳುತ್ತ ಹೊರಬಂದರು. ಮಂಡಿಯೂರಿದವರ ಪ್ರಾಮಾಣಿಕತೆಯನ್ನು ಶಂಕಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಮರುಕ ಹುಟ್ಟಿದ್ದು ನಿಜ. ಆದರೆ ಮರುಕ ಹುಟ್ಟಿದ ಮಾತ್ರಕ್ಕೆ ಎದುರಿನವರ ಬದುಕಿನ ತಿಳಿವಳಿಕೆಯೂ ಹುಟ್ಟಿತೆಂದು ಹೇಳಲು ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಈ ಚರ್ಚೆಯೆಲ್ಲ ನಿಂತಿರುವುದು ಅದರ ಮೇಲೆಯೇ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆರೆಮಿ ಬೈಲೆನ್ಸನ್ ಅವರ ಪ್ರಯೋಗಾಲಯ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡಿರುವುದು. 15ರಿಂದ 88 ವರ್ಷದವರೆಗಿನ 560 ಮಂದಿ ಅದರ ಎರಡು ಪ್ರಯೋಗಗಳಲ್ಲಿ ಭಾಗವಹಿಸಿದ್ದರು. ವಿಆರ್ ಗುಂಪಿನವರು ಮನೆ ಕಳೆದುಕೊಳ್ಳುವವನ ಪಾತ್ರದಲ್ಲಿ ಏಳೆಂಟು ನಿಮಿಷ ಕಳೆಯುತ್ತಾರೆ. ಬಾಡಿಗೆ ಕಟ್ಟಲು ಕೋಣೆಯಲ್ಲಿನ ಯಾವ ಸಾಮಾನನ್ನು ಮಾರುವುದೆಂದು ಆರಿಸಬೇಕು, ಅದು ಸಾಲದೆ ಮನೆ ಖಾಲಿ ಮಾಡಬೇಕು, ಕಾರಿನಲ್ಲಿ ಮಲಗಿದರೆ ಪೊಲೀಸರು ಎಬ್ಬಿಸುತ್ತಾರೆ. ಕೊನೆಗೆ ರಾತ್ರಿಯಿಡೀ ಓಡುವ ಬಸ್ಸಿನಲ್ಲಿ ಆಶ್ರಯ ಪಡೆಯಬೇಕು. ಅಲ್ಲಿ ಚೀಲ ಕಳುವಾಗದಂತೆ ಒಂದು ಕಣ್ಣು, ಮೈಮೇಲೆ ಬರುವ ಅಪರಿಚಿತನ ಮೇಲೆ ಇನ್ನೊಂದು ಕಣ್ಣು ಇಟ್ಟಿರಬೇಕು. ಇನ್ನೊಂದು ಗುಂಪು ಅದೇ ಕಥೆಯನ್ನು ಓದಿ, ತಾವೇ ಆ ಸ್ಥಿತಿಯಲ್ಲಿದ್ದರೆ ಹೇಗೆಂದು ಕಲ್ಪಿಸಿಕೊಂಡಿತು. ಮೊದಲ ಪ್ರಯೋಗದ ಬಳಿಕ, ಕೈಗೆಟುಕುವ ಬೆಲೆಯ ವಸತಿಗಾಗಿ ಸಿದ್ಧಪಡಿಸಿದ್ದ ಮನವಿಗೆ ವಿಆರ್ ಗುಂಪಿನಲ್ಲಿ ಶೇ 82ರಷ್ಟು ಮಂದಿ ಸಹಿ ಹಾಕಿದರೆ, ಓದಿದವರಲ್ಲಿ ಸಹಿ ಹಾಕಿದವರು ಶೇ 67. ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಈ ಎರಡು ಸಂಖ್ಯೆಗಳು. ಆದರೆ ಸಹಾನುಭೂತಿ ಎಷ್ಟು ಮೂಡಿತೆಂದು ಭಾಗಿಗಳನ್ನೇ ಕೇಳಿ ಅಳೆದಾಗ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬ ಅದೇ ಅಧ್ಯಯನದ ಮಾತು ಅಷ್ಟು ದೂರ ಪ್ರಯಾಣ ಮಾಡಲಿಲ್ಲ.

2021ರಲ್ಲಿ ಮಾರ್ಟಿಂಗಾನೊ, ಹೆರೆರಾ ಮತ್ತು ಕಾನ್ರಾತ್ ಎಂಬ ಮೂವರು ಸಂಶೋಧಕಿಯರು ಇಂಥ 43 ಅಧ್ಯಯನಗಳನ್ನು, ಅಂದರೆ 5,644 ಮಂದಿ ಭಾಗಿಗಳ ಫಲಿತಾಂಶಗಳನ್ನು, ಒಟ್ಟುಗೂಡಿಸಿ ವಿಶ್ಲೇಷಿಸಿದರು. ಮನಶ್ಶಾಸ್ತ್ರ ಸಹಾನುಭೂತಿಯನ್ನು ಎರಡಾಗಿ ನೋಡುತ್ತದೆ. ಇನ್ನೊಬ್ಬರ ನೋವು ಕಂಡು ಮನಸ್ಸು ಕಲಕುವುದು ಭಾವನಾತ್ಮಕವಾದದ್ದು. ಅವರು ಏನನ್ನು ಯೋಚಿಸುತ್ತಿದ್ದಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಿದ್ದಾರೆ ಎಂದು ಗ್ರಹಿಸುವುದು ಬೌದ್ಧಿಕವಾದದ್ದು. ವರ್ಚುವಲ್ ರಿಯಾಲಿಟಿ ಮೊದಲನೆಯದನ್ನು ಹೆಚ್ಚಿಸಿತು, ಎರಡನೆಯದನ್ನು ಹೆಚ್ಚಿಸಲಿಲ್ಲ. ಅಷ್ಟೇ ಅಲ್ಲ, ಪರರ ಕುರಿತು ಓದಿ ಕಲ್ಪಿಸಿಕೊಳ್ಳುವಂಥ ಖರ್ಚಿಲ್ಲದ ವಿಧಾನಗಳಿಗಿಂತ ಅದು ಮೇಲೆಂದೂ ಕಂಡುಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಓದುವಾಗ ಬಸ್ಸಿನ ಮಂದ ಬೆಳಕು, ತೊಡೆಯ ಮೇಲಿನ ಚೀಲ, ನಿದ್ದೆಗೆಟ್ಟ ಕಣ್ಣು ಎಲ್ಲವನ್ನೂ ಓದುಗನೇ ಕಟ್ಟಿಕೊಳ್ಳಬೇಕಾಗುತ್ತದೆ, ಮತ್ತು ಇನ್ನೊಬ್ಬರ ಮನಸ್ಸಿನ ಒಳಗೆ ಹೋಗುವ ದಾರಿ ಆ ಶ್ರಮದಲ್ಲೇ ಇದೆ. ಹೆಡ್‌ಸೆಟ್ ಆ ಶ್ರಮವನ್ನು ತಾನೇ ವಹಿಸಿಕೊಳ್ಳುವುದರಿಂದ ಭಾವ ಬೇಗ ಉಕ್ಕುತ್ತದೆ, ಊಹಾಶಕ್ತಿ ಮಾತ್ರ ಕೆಲಸವಿಲ್ಲದೆ ಕೂರುತ್ತದೆ.

ಬಸ್ಸಿನ ದೃಶ್ಯವನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ ಇನ್ನೊಂದು ತೊಡಕು ಕಾಣುತ್ತದೆ. ಚೀಲ ಕಾಯುತ್ತ ಕುಳಿತವನಿಗೆ ಆ ಹೊತ್ತಿನಲ್ಲಿ ಆಗುವುದು ತನ್ನ ಚೀಲದ ಚಿಂತೆ, ತನ್ನ ಮೈಯ ಭಯ. ಮನೆಯಿಲ್ಲದೆ ಎರಡು ವರ್ಷ ಕಳೆದ ಇನ್ನೊಬ್ಬ ವ್ಯಕ್ತಿಗೆ ಆ ಬಸ್ಸಿನಲ್ಲಿ ಆಗುವುದು ಅದೇ ಆಗಿರಬೇಕಿಲ್ಲ. ಅವರಿಗೆ ಚಾಲಕ ಪರಿಚಿತನಾಗಿರಬಹುದು, ಯಾವ ಆಸನ ಸುರಕ್ಷಿತವೆಂದು ಗೊತ್ತಿರಬಹುದು, ಬೆಳಗ್ಗೆ ಎಲ್ಲಿ ಮುಖ ತೊಳೆಯಬೇಕೆಂಬುದೇ ಅವರ ನಿಜವಾದ ಚಿಂತೆಯಾಗಿರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್, ‘ಅವರ ಜಾಗದಲ್ಲಿ ನಾನಿದ್ದರೆ’ ಎಂದು ಕಲ್ಪಿಸುವುದಕ್ಕೂ ‘ಅವರಿಗೆ ಹೇಗನಿಸುತ್ತಿದೆ’ ಎಂದು ಕಲ್ಪಿಸುವುದಕ್ಕೂ ಇರುವ ಅಂತರವನ್ನು ಪ್ರಯೋಗಗಳಿಂದ ತೋರಿಸಿದ್ದಾರೆ: ಮೊದಲನೆಯದು ಕಾಳಜಿಯ ಜೊತೆಗೆ ಸ್ವಂತ ಸಂಕಟವನ್ನೂ ಎಬ್ಬಿಸುತ್ತದೆ, ಮತ್ತು ಸಂಕಟಕ್ಕೊಳಗಾದವನು ನೆರವಿಗಿಂತ ಮೊದಲು ತಪ್ಪಿಸಿಕೊಳ್ಳುವ ದಾರಿ ಹುಡುಕುವ ಸಂಭವವಿದೆ. ಹೆಡ್‌ಸೆಟ್ ತೆಗೆದಿಟ್ಟರೆ ಆ ದಾರಿ ಸದಾ ತೆರೆದೇ ಇರುತ್ತದೆ.

ಈ ಪ್ರಶ್ನೆಯನ್ನು ನಮ್ಮ ಕಾವ್ಯಮೀಮಾಂಸೆ ಸಾವಿರ ವರ್ಷಗಳ ಹಿಂದೆಯೇ ರಂಗಭೂಮಿಯ ಸಂದರ್ಭದಲ್ಲಿ ಎದುರಿಸಿತ್ತು ಎಂಬುದು ಈ ಚರ್ಚೆಗಳಲ್ಲಿ ಬಾರದಿರುವುದು ನನಗೆ ಕೊರತೆಯೆನಿಸುತ್ತದೆ. ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ; ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಅವುಗಳಲ್ಲಿ ಒಂದು. ರಂಗದ ಮೇಲಿನ ಶೋಕವನ್ನು ಕಂಡು ತನ್ನದೇ ದುಃಖದಲ್ಲಿ ಮುಳುಗಿದವನಿಗೆ ನಾಟಕ ಕಾಣುವುದು ನಿಂತುಹೋಗುತ್ತದೆ. ವಿಆರ್ ಅನುಭವ ತೀರಾ ತೀವ್ರವಾದಾಗ ಆಗುವುದು ಇದೇ: ನೋಡುಗನಿಗೆ ತಾನೇ ಕಾಣುತ್ತಾನೆ, ತೋರಿಸಬೇಕಾದವರು ಮರೆಯಾಗುತ್ತಾರೆ. ಹಾಗಾಗದೆ ಒಂದು ಅಂತರ ಉಳಿದರೆ ಶೋಕ ಕರುಣರಸವಾಗುತ್ತದೆ, ಅದರಲ್ಲಿ ಒಂದು ಬಗೆಯ ಆನಂದವೂ ಇರುತ್ತದೆ. ನಾಟಕದ ಮಟ್ಟಿಗೆ ಅದು ಸರಿ. ಸೀತೆಯ ಪಾತ್ರಕ್ಕಾಗಿ ಕಣ್ಣೀರು ಹಾಕಿದ ರಸಿಕ ರಂಗಮಂದಿರದಿಂದ ಹೊರಬಂದ ಮೇಲೆ ಆ ಪಾತ್ರಕ್ಕೆ ಏನನ್ನೂ ಸಲ್ಲಿಸಬೇಕಿಲ್ಲ. ಜಾತರಿ ಶಿಬಿರದ ಬಾಲಕಿ ಪಾತ್ರವಲ್ಲ. ಅವಳ ದುಃಖವನ್ನು ಕರುಣರಸವಾಗಿ ಸವಿದು ಮನಸ್ಸು ಹಗುರ ಮಾಡಿಕೊಂಡು ಎದ್ದುಹೋಗುವುದಕ್ಕೆ ಯಾರಿಗೂ ಹಕ್ಕಿಲ್ಲ. ಮಾಧ್ಯಮ ಅಧ್ಯಯನದ ವಿದ್ವಾಂಸೆ ಲೀಸಾ ನಾಕಾಮುರಾ 2020ರ ಲೇಖನವೊಂದರಲ್ಲಿ, ಮನಸ್ಸಿಗೆ ನೋವಾದದ್ದಕ್ಕೇ ತಾವು ಒಳ್ಳೆಯವರಾದೆವೆಂಬ ಸಮಾಧಾನವನ್ನು ಈ ಚಿತ್ರಗಳು ಮಾರುತ್ತವೆ ಎಂಬರ್ಥದ ಆಕ್ಷೇಪ ಎತ್ತಿದ್ದು ಇದೇ ಕಾರಣಕ್ಕೆ.

ಅಂಗವೈಕಲ್ಯದ ವಿಷಯದಲ್ಲಂತೂ ಒಳ್ಳೆಯ ಉದ್ದೇಶ ನೇರವಾಗಿ ಹಾನಿ ಮಾಡಿರುವುದಕ್ಕೆ ಪುರಾವೆಯಿದೆ. ಡಿಸೆಂಬರ್ 3ರ ಅಂಗವಿಕಲರ ದಿನದಂದು ಕಣ್ಣಿಗೆ ಬಟ್ಟೆ ಕಟ್ಟಿಸಿ ನಡೆಸುವ ಕಾರ್ಯಕ್ರಮ ನಮ್ಮ ಶಾಲಾ ಕಾಲೇಜುಗಳಿಗೂ ಹೊಸದಲ್ಲ. ಸ್ವತಃ ಅಂಧರಾದ ಮನಶ್ಶಾಸ್ತ್ರಜ್ಞೆ ಏರಿಯೆಲ್ ಸಿಲ್ವರ್‌ಮನ್ ಮತ್ತು ಸಂಗಡಿಗರು 2014ರ ಸುಮಾರಿನಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಸ್ವಲ್ಪ ಹೊತ್ತು ಅಂಧತ್ವವನ್ನು ಅನುಕರಿಸಿದವರು ಅಂಧರು ಉದ್ಯೋಗ ಮಾಡುವ, ಸ್ವತಂತ್ರವಾಗಿ ಬದುಕುವ ಸಾಮರ್ಥ್ಯವನ್ನು, ಹಾಗೆ ಅನುಕರಿಸದವರಿಗಿಂತ ಕಡಿಮೆಯಾಗಿ ಅಂದಾಜಿಸಿದರು. ದೃಷ್ಟಿ ಹೋದ ಮೊದಲ ಹತ್ತು ನಿಮಿಷದ ತಡಕಾಟವನ್ನು ಅವರು ಅನುಭವಿಸಿದ್ದರು. ಬಿಳಿ ಕೋಲು ಹಿಡಿದು ಇಪ್ಪತ್ತು ವರ್ಷ ಊರೆಲ್ಲ ಓಡಾಡಿದವರ ಕೌಶಲವನ್ನಲ್ಲ. ಹೆಡ್‌ಸೆಟ್ಟಿನ ಒಳಗೆ ಇದೇ ತಪ್ಪು ಇನ್ನಷ್ಟು ಮನವರಿಕೆಯಾಗುವಂತೆ ನಡೆಯಬಲ್ಲದು. ಇದಕ್ಕೆ ವ್ಯತಿರಿಕ್ತವಾಗಿ, 2016ರಲ್ಲಿ ಬಂದ ‘ನೋಟ್ಸ್ ಆನ್ ಬ್ಲೈಂಡ್‌ನೆಸ್’ ಎಂಬ ವಿಆರ್ ಕೃತಿ, ದೃಷ್ಟಿ ಕಳೆದುಕೊಂಡ ಬ್ರಿಟನ್ನಿನ ಪ್ರಾಧ್ಯಾಪಕ ಜಾನ್ ಹಲ್ 1983ರಿಂದ ಕ್ಯಾಸೆಟ್‌ಗಳಲ್ಲಿ ತುಂಬಿಟ್ಟ ಧ್ವನಿ ದಿನಚರಿಯನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಉದ್ಯಾನದ ಬೆಂಚಿನ ಮೇಲೆ ಕುಳಿತವನಿಗೆ ಹೆಜ್ಜೆಸಪ್ಪಳ, ಮಕ್ಕಳ ಕೂಗು, ಗಾಳಿ ಇವು ಜಗತ್ತನ್ನು ಹೇಗೆ ಕಟ್ಟಿಕೊಡುತ್ತವೆ ಎಂದು ಅಲ್ಲಿ ಹಲ್ ಅವರೇ ಹೇಳುತ್ತಾರೆ. ನೋಡುಗ ತಡಕಾಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಎರಡರಲ್ಲೂ ತಂತ್ರಜ್ಞಾನ ಒಂದೇ ಆಗಿದ್ದರೂ ಅನುಭವಿಸಿದವರ ಮಾತಿಗೆ ಸಿಕ್ಕಿದ ಸ್ಥಾನ ಫಲಿತಾಂಶವನ್ನೇ ಬದಲಿಸಿಬಿಡುತ್ತದೆ.

ಪರಕಾಯ ಪ್ರವೇಶದ ಪ್ರಯೋಗಗಳ ಫಲಿತಾಂಶವೂ ಒಂದೇ ದಿಕ್ಕಿನಲ್ಲಿಲ್ಲ. 2013ರಲ್ಲಿ ಸ್ಲೇಟರ್ ಅವರ ತಂಡ, ಬಿಳಿಯ ಭಾಗಿಗಳು ವರ್ಚುವಲ್ ಕನ್ನಡಿಯಲ್ಲಿ ತಮ್ಮನ್ನು ಕಪ್ಪು ಮೈಬಣ್ಣದಲ್ಲಿ ಕಂಡ ಬಳಿಕ ಅವರ ಸುಪ್ತ ಜನಾಂಗೀಯ ಪೂರ್ವಗ್ರಹ ಕಡಿಮೆಯಾಯಿತೆಂದು ವರದಿ ಮಾಡಿತು. ಆದರೆ 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕಪ್ಪು ಅವತಾರದಲ್ಲಿ ಉದ್ಯೋಗ ಸಂದರ್ಶನಕ್ಕೆ ಕೂರಿಸಿದಾಗ ಪೂರ್ವಗ್ರಹ ಹೆಚ್ಚಾದದ್ದು ಕಂಡುಬಂದಿತ್ತು. ಸಂದರ್ಶನದಂಥ ಒತ್ತಡದ ಸನ್ನಿವೇಶ ಹಳೆಯ ಪೂರ್ವಕಲ್ಪನೆಗಳನ್ನೇ ಎಬ್ಬಿಸಿರಬಹುದು. ಮನಶ್ಶಾಸ್ತ್ರಜ್ಞ ಪಾಲ್ ಬ್ಲೂಮ್ ಎತ್ತುವ ಆಕ್ಷೇಪ ಇನ್ನೂ ಮೂಲಭೂತವಾದದ್ದು: ನಿರಾಶ್ರಿತರ ಸಂಕಟವಿರುವುದು ಗುಡಾರದ ನೋಟದಲ್ಲಲ್ಲ, ಮುಂದೇನೆಂದು ತಿಳಿಯದೆ ವರ್ಷಗಟ್ಟಲೆ ಕಾಯುವುದರಲ್ಲಿ, ಎದ್ದು ಹೋಗಲಾರದ ಅಸಹಾಯಕತೆಯಲ್ಲಿ, ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಎಂಟು ನಿಮಿಷ ಅದನ್ನು ಕೊಡಲಾರದು.

ಇಷ್ಟರಿಂದ ಈ ಸಾಧನವನ್ನು ಮೂಲೆಗೆ ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಬಾರ್ಸಿಲೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದೇ ದಾರಿ ತೋರುತ್ತದೆ. ಸಂಗಾತಿಯ ಮೇಲಿನ ಹಿಂಸೆಗಾಗಿ ಶಿಕ್ಷೆಗೊಳಗಾದ 20 ಗಂಡಸರಿಗೆ ಅಲ್ಲಿ ಹೆಣ್ಣಿನ ವರ್ಚುವಲ್ ದೇಹ ಕೊಡಲಾಯಿತು. ಕನ್ನಡಿಯಲ್ಲಿ ತನ್ನನ್ನು ಹೆಣ್ಣಾಗಿ ಕಂಡವನ ಎದುರಿಗೆ ಗಂಡಸೊಬ್ಬ ಬಂದು ಬೈಯುತ್ತಾನೆ, ಫೋನನ್ನು ಎತ್ತಿ ನೆಲಕ್ಕೆಸೆಯುತ್ತಾನೆ, ಕೊನೆಗೆ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬಂದು ನಿಲ್ಲುತ್ತಾನೆ. ಹಿಂಸೆಯ ಹಿನ್ನೆಲೆಯಿಲ್ಲದವರಿಗೆ ಹೋಲಿಸಿದರೆ ಇವರು ಹೆಣ್ಣಿನ ಮುಖದ ಮೇಲಿನ ಭಯವನ್ನು ಗುರುತಿಸುವುದರಲ್ಲಿ ಮೊದಲು ಹಿಂದಿದ್ದರು, ಭಯಗೊಂಡ ಮುಖವನ್ನು ನಗುಮುಖವೆಂದು ತಿಳಿಯುವ ಒಲವೂ ಅವರಲ್ಲಿತ್ತು. ಅನುಭವದ ಬಳಿಕ ಆ ಗುರುತಿಸುವಿಕೆ ಸುಧಾರಿಸಿತು. ಸಂಖ್ಯೆ ಸಣ್ಣದು, ಮುಂದೆ ಅವರ ನಡತೆ ಬದಲಾಯಿತೇ ಎಂಬುದನ್ನು ಇದು ಹೇಳುವುದಿಲ್ಲ. ಆದರೂ ಇಲ್ಲಿ ಹೆಡ್‌ಸೆಟ್ ತೊಟ್ಟವರು ದೂರದ ಯಾರದೋ ದುಃಖವನ್ನು ನೋಡಲು ಬಂದವರಲ್ಲ, ತಾವೇ ಕೊಟ್ಟ ನೋವಿಗೆ ಎದುರಾದವರು. ಅಳೆದದ್ದು ಕೂಡ ಎಷ್ಟು ಮರುಗಿದರು ಎಂಬುದನ್ನಲ್ಲ. ಮುಖ ನೋಡಿ ಭಯವನ್ನು ಗುರುತಿಸುವ ನಿರ್ದಿಷ್ಟ ಸಾಮರ್ಥ್ಯವನ್ನು.

ಭಾರತದಲ್ಲಿ ಈ ಮಾಧ್ಯಮವನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಮುಂಬೈನ ಮೆಮೆಸಿಸ್ ಕಲ್ಚರ್ ಲ್ಯಾಬ್ ಪ್ರಮುಖವಾದದ್ದು. ಅದರ ‘ಎಲ್ಸ್‌ವಿಆರ್’ ವೇದಿಕೆಯಿಂದ 2016ರ ವೇಳೆಗೆ ತ್ರ್ಯಂಬಕೇಶ್ವರದ ದೇವಸ್ಥಾನದಲ್ಲಿ ಪ್ರವೇಶಕ್ಕಾಗಿ ಹೋರಾಡಿದ ಮಹಿಳೆಯರ ಕುರಿತು ಖುಷ್‌ಬೂ ರಾಂಕಾ ಅವರ ಚಿತ್ರ, ಛತ್ತೀಸಗಡದ ಕೋರ್ಬಾದಲ್ಲಿ ಕಲ್ಲಿದ್ದಲು ಗಣಿಗಳಿಂದ ನೆಲೆ ಕಳೆದುಕೊಂಡವರ ಕುರಿತು ಫೈಜಾ ಖಾನ್ ಅವರ ಚಿತ್ರ ಹೊರಬಂದವು. ಗಣಿಯ ಅಗಾಧತೆ, ಊರಿಗೂ ಅದರ ಅಂಚಿಗೂ ಇರುವ ಅಂತರ, ತಲೆ ಎತ್ತಿದರೆ ಕಾಣುವುದೇನು ತಗ್ಗಿಸಿದರೆ ಕಾಣುವುದೇನು ಎಂಬುದನ್ನು ಸುತ್ತಲೂ ಚಿತ್ರೀಕರಿಸುವ ಕ್ಯಾಮೆರಾ ತಿಳಿಸಿದಷ್ಟು ಚೆನ್ನಾಗಿ ಲೇಖನವೊಂದು ತಿಳಿಸಲಾರದು. ನನ್ನ ಮಟ್ಟಿಗೆ ಈ ಸಾಧನದ ನಿಜವಾದ ಬಲ ಇಲ್ಲಿದೆ. ಅದು ಜಾಗವನ್ನು, ಅಳತೆಯನ್ನು, ಅಂತರವನ್ನು ಬೇರಾವ ಮಾಧ್ಯಮಕ್ಕಿಂತ ನಿಖರವಾಗಿ ತಿಳಿಸುತ್ತದೆ. ಆ ಜಾಗದಲ್ಲಿ ಬದುಕುವವರ ಮನಸ್ಸನ್ನು ಅವರೇ ಬಾಯಿಬಿಟ್ಟು ಹೇಳಬೇಕು.

ಹೆಡ್‌ಸೆಟ್ ಯಾರ ತಲೆಯ ಮೇಲಿರಬೇಕು ಎಂಬುದನ್ನೇ ತಿರುವುಮುರುವು ಮಾಡಿದ್ದು 2018ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆರಂಭವಾದ ‘ಪ್ರಾಜೆಕ್ಟ್ ದಾಸ್ತಾನ್’. 1947ರ ವಿಭಜನೆಯಲ್ಲಿ ಊರು ಬಿಟ್ಟು ಬಂದು, ಈಗ ವಯಸ್ಸು ಮತ್ತು ವೀಸಾಗಳ ಕಾರಣ ಗಡಿ ದಾಟಲಾರದ ಹಿರಿಯರಿಗಾಗಿ ಈ ತಂಡದವರು ಆ ಊರುಗಳನ್ನೇ ಹುಡುಕಿಕೊಂಡು ಹೋಗಿ ಸುತ್ತಲಿನ ದೃಶ್ಯವನ್ನೆಲ್ಲ ಚಿತ್ರೀಕರಿಸಿ ತಂದು ತೋರಿಸಿದರು. ಇಲ್ಲಿ ಸ್ಥಳದ ಭ್ರಮೆ ಸಂದದ್ದು ಆ ಸ್ಥಳವನ್ನು ಕಳೆದುಕೊಂಡವರಿಗೇ. ನೋಡುತ್ತ ಅವರು ಹೇಳಿದ ನೆನಪುಗಳನ್ನು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವ ಮೊಮ್ಮಗಳು ಯಾವ ಯಂತ್ರದ ಹಂಗೂ ಇಲ್ಲದೆ ವಿಭಜನೆಯನ್ನು ಅರಿಯುತ್ತಾಳೆ.

ಚಿತ್ರೀಕರಣಕ್ಕೆ ಒಳಗಾಗುವವರ ಒಪ್ಪಿಗೆಯ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಸಾಮಾನ್ಯ ಕ್ಯಾಮೆರಾಗೆ ಒಂದು ಚೌಕಟ್ಟಿರುತ್ತದೆ. ಬೇಡವೆನ್ನುವವರು ಪಕ್ಕಕ್ಕೆ ಸರಿಯಬಹುದು. ಸುತ್ತಲೂ ನೋಡುವ ಕ್ಯಾಮೆರಾಗೆ ಪಕ್ಕವೆಂಬುದೇ ಇಲ್ಲ. ತಾವು ದೃಶ್ಯದಲ್ಲಿ ಕಾಣಬಾರದೆಂದು ಚಿತ್ರತಂಡದವರೇ ಕ್ಯಾಮೆರಾವನ್ನು ನಿಲ್ಲಿಸಿಟ್ಟು ಮರೆಗೆ ಹೋಗುತ್ತಾರೆ, ಹೀಗಾಗಿ ಶಿಬಿರದ ದಾರಿಯಲ್ಲಿ ಹಾದುಹೋದವರೆಲ್ಲ ಕೇಳದೆಯೇ ದಾಖಲಾಗುತ್ತಾರೆ. 2017ರ ಅಕ್ಟೋಬರ್‌ನಲ್ಲಿ ಮಾರ್ಕ್ ಜುಕರ್‌ಬರ್ಗ್ ಚಂಡಮಾರುತಕ್ಕೆ ಸಿಕ್ಕಿ ನೀರು ತುಂಬಿದ್ದ ಪೋರ್ಟೊ ರಿಕೊದ ಬೀದಿಗಳ ದೃಶ್ಯದ ನಡುವೆ ಕಾರ್ಟೂನು ಅವತಾರದಲ್ಲಿ ಕಾಣಿಸಿಕೊಂಡು ತಮ್ಮ ಕಂಪನಿಯ ವಿಆರ್ ಸೌಲಭ್ಯವನ್ನು ಪ್ರದರ್ಶಿಸಿದರು, ಟೀಕೆ ಬಂದಾಗ ಕ್ಷಮೆ ಕೇಳಿದರು. ಆ ಬೀದಿಯ ಜನರಿಗೆ ತಮ್ಮ ಮುಳುಗಿದ ಮನೆಗಳು ಯಾವುದಕ್ಕೆ ಹಿನ್ನೆಲೆಯಾಗುತ್ತಿವೆ ಎಂಬ ಅರಿವೂ ಇದ್ದಿರಲಾರದು.

ಮಾರುಕಟ್ಟೆ ಈ ನಡುವೆ ತನ್ನ ದಾರಿ ಹಿಡಿದಿದೆ. ಮಿಲ್ಕ್ ಕಟ್ಟಿದ ‘ವಿದಿನ್’ ಕಂಪನಿ ಕ್ರಮೇಣ ವಿಆರ್ ವ್ಯಾಯಾಮದ ಆ್ಯಪ್ ಒಂದರಲ್ಲಿ ಯಶಸ್ಸು ಕಂಡಿತು, 2023ರ ಫೆಬ್ರವರಿಯಲ್ಲಿ ಮೆಟಾ ಅದನ್ನು ಕೊಂಡುಕೊಂಡಿತು. ನಿರಾಶ್ರಿತರ ನೆರವಿನ ಬಹುದೊಡ್ಡ ಮೂಲಗಳಲ್ಲಿ ಒಂದಾಗಿದ್ದ ಅಮೆರಿಕದ ಯುಎಸ್‌ಏಡ್ ಸಂಸ್ಥೆಯನ್ನು 2025ರಲ್ಲಿ ಮುಚ್ಚಲಾಯಿತು, ವಿಶ್ವಸಂಸ್ಥೆಯ ಸಂಸ್ಥೆಗಳು ಪಡಿತರವನ್ನೂ ಸಿಬ್ಬಂದಿಯನ್ನೂ ಕಡಿತಗೊಳಿಸಬೇಕಾಯಿತು. ಇದಕ್ಕೆ ಚಿತ್ರಗಳು ಕಾರಣವಲ್ಲ, ಅವು ಇದನ್ನು ತಡೆಯಬೇಕಿತ್ತೆಂದು ಕೇಳುವುದೂ ನ್ಯಾಯವಲ್ಲ. ಆದರೆ ಆಳುವವರ ಎದೆ ಮಿಡಿದರೆ ನೀತಿ ತಾನಾಗಿ ಬದಲಾಗುತ್ತದೆ ಎಂಬ ದಾವೋಸ್‌ನ ಲೆಕ್ಕಾಚಾರವನ್ನು ಮತ್ತೊಮ್ಮೆ ನಂಬುವ ಮುನ್ನ ಈ ಹತ್ತು ವರ್ಷಗಳನ್ನು ಗಮನಿಸಬೇಕು.

ನಮ್ಮಲ್ಲಿ ಯಾವುದಾದರೂ ಇಲಾಖೆಯೋ ಸಂಸ್ಥೆಯೋ ಈ ಉದ್ದೇಶಕ್ಕೆ ಹಣ ತೆಗೆದಿಡುವುದಾದರೆ, ಗಾಲಿಕುರ್ಚಿ ಬಳಸುವವರೊಬ್ಬರು ತಾಲ್ಲೂಕು ಕಚೇರಿಗೆ ಹೋಗುವ ದಾರಿಯಿಂದ ಆರಂಭಿಸಬಹುದು. ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕು, ಏನನ್ನು ತೋರಿಸಬೇಕು, ಏನು ಹೇಳಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ಕುರ್ಚಿಯ ಎತ್ತರದಿಂದ ಕಾಣುವ ಮೂರು ಮೆಟ್ಟಿಲು, ತಲುಪಲಾಗದ ಕೌಂಟರು, ಬಾಗಿಲು ಕಿರಿದಾದ ಶೌಚಾಲಯ ಇವೆಲ್ಲ ಜಾಗಕ್ಕೆ ಸಂಬಂಧಿಸಿದ ಸಂಗತಿಗಳು, ಹೆಡ್‌ಸೆಟ್ ಚೆನ್ನಾಗಿ ತೋರಿಸಬಲ್ಲ ಸಂಗತಿಗಳು. ಅದನ್ನು ಸಾರ್ವಜನಿಕರಿಗೆ ತೋರಿಸಿ ಕಣ್ಣೀರು ಬರಿಸುವ ಅಗತ್ಯವಿಲ್ಲ. ಕಟ್ಟಡದ ನಕ್ಷೆಗೆ ಸಹಿ ಹಾಕುವ ಎಂಜಿನಿಯರ್‌ಗೆ ಮತ್ತು ಬಿಲ್ಲು ಪಾಸು ಮಾಡುವ ಅಧಿಕಾರಿಗೆ ತೋರಿಸಿದರೆ ಸಾಕು. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈಗಾಗಲೇ ಹೇಳಿದೆ. ಚಿತ್ರ ನೋಡಿದ ಆರು ತಿಂಗಳ ಬಳಿಕ ಆ ಕಚೇರಿಯ ಬಾಗಿಲಲ್ಲಿ ಒಂದಡಿ ಏರಿಕೆಗೆ ಹನ್ನೆರಡು ಅಡಿ ಉದ್ದದ ಇಳಿಜಾರು ದಾರಿ ಬಂದಿದೆಯೇ ಎಂದು ಟೇಪು ಹಿಡಿದು ಅಳೆದು, ಆ ಅಳತೆಯನ್ನು ಯೋಜನೆಯ ವರದಿಯಲ್ಲಿ ನಮೂದಿಸಬೇಕು.